ಯಂತ್ರ ಬಂದರೆ ಅವ್ವ ಏನು ಮಾಡುತ್ತಾಳೆ?



ಪಾಸ್ಕ ಹಬ್ಬದ ವಿಧಿಗಳನ್ನು ತಿಳಿಸುವಾಗ ಮೋಶೆ ಇಸ್ರಯೇಲರಿಗೆ ಒಂದು ಮಾತನ್ನು ಮೊದಲೇ ಹೇಳಿಟ್ಟಿದ್ದನು. ಈ ಆಚರಣೆಯ ಅರ್ಥವೇನೆಂದು ನಾಳೆ ನಿಮ್ಮ ಮಕ್ಕಳು ಕೇಳುವರು, ಆಗ ನೀವು ಉತ್ತರ ಕೊಡಬೇಕು ಎಂದು (ವಿಮೋಚನಾಕಾಂಡ 12:26-27). ಹೀಗೆ ಮಕ್ಕಳ ಪ್ರಶ್ನೆಯೂ ಹಬ್ಬದೊಳಗೇ ಸೇರಿಹೋಯಿತು. ಇಂದಿನ ಮಕ್ಕಳಾದರೋ ಹಿಂದೆ ನಡೆದದ್ದಕ್ಕಿಂತ ಮುಂದೆ ಬರಲಿರುವುದನ್ನೇ ಹೆಚ್ಚಾಗಿ ಕೇಳುತ್ತಾರೆ. ಮಾತನಾಡುವ ಫೋನು, ತಾನಾಗಿಯೇ ಬರೆಯುವ ಕಂಪ್ಯೂಟರು ಅವರ ಕಣ್ಣೆದುರಿಗೇ ಇವೆಯಲ್ಲ!

ಹಾವೇರಿ ಸಮೀಪದ ಅಗಡಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿ ಹಂಗಾಮಿನಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬರುತ್ತಾಳೆ. ಜಪಮಾಲೆ, ಊಟ ಮುಗಿದ ಮೇಲೆ ಮಗಳು ಕೇಳುತ್ತಾಳೆ:

“ಅವ್ವಾ, ನಾ ದೊಡ್ಡಾಕಿ ಆಗೂದ್ರಾಗ ತೊಟ್ಟು ಬಿಡಸೂ ರೋಬೋಟ್ ಬರತೈತೇನು?”

“ಬಂದ್ರೂ ಬರಬಹುದವ್ವಾ. ಅದರ ಕೈ ಹೆಂಗಿರಬೇಕು, ನೀನ ಹೇಳು.”

“ನೂರು ಬೆರಳು ಇರಬೇಕು! ಅದಕ್ಕ ಘಾಟು ಹತ್ತೂದಿಲ್ಲ, ಕೈ ಉರಿಯೂದಿಲ್ಲ.”

“ಹಂಗಾದ್ರ ಚೊಲೋನ ಆತಲ್ಲ.”

ಮಗಳು ತುಸು ಹೊತ್ತು ಸುಮ್ಮನಿದ್ದು, “ಅವಾಗ ನಿನಗ ಪಗಾರ ಯಾರು ಕೊಡ್ತಾರ?” ಎನ್ನುತ್ತಾಳೆ.

ಆಟವಾಗಿ ಆರಂಭವಾದ ಮಾತು ಎಲ್ಲಿಗೆ ಬಂದು ನಿಂತಿತು ನೋಡಿ. ಮೊದಲ ಪ್ರಶ್ನೆಗೇ ತಾಯಿ “ಸುಮ್ನ ಮಲ್ಕೋ” ಎಂದಿದ್ದರೆ ಆ ಮಗುವಿನ ಎದೆಯೊಳಗಿನ ಭಯ ಹೊರಬರುತ್ತಲೇ ಇರಲಿಲ್ಲ. (ಮಗು ಬಾಯಿ ತೆರೆದರೆ ಕೈಗೆ ಫೋನು ಕೊಟ್ಟು ಸುಮ್ಮನಾಗಿಸುವ ಅಭ್ಯಾಸ ಈಗ ಬಲಿಪೂಜೆಯ ವೇಳೆಯಲ್ಲೂ ಕಾಣಸಿಗುತ್ತದೆ!)

ಈ ಹುಡುಗಿಯ ಪ್ರಶ್ನೆ ಧರ್ಮಸಭೆಯ ಪ್ರಶ್ನೆಯೂ ಹೌದು. ಕಾರ್ಖಾನೆಯ ಯಂತ್ರಗಳ ನಡುವೆ ನಲುಗಿದ ಕಾರ್ಮಿಕರಿಗೆ ನ್ಯಾಯವಾದ ಕೂಲಿ ಸಿಗಬೇಕೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿ ‘ರೇರುಂ ನೊವಾರುಂ’ ವಿಶ್ವಪತ್ರ ಬರೆದರು. ದುಡಿಮೆಯ ಬೆಲೆ ದುಡಿಯುವ ಮನುಷ್ಯನಿಂದ ಬರುತ್ತದೆ ಎಂದು ಎರಡನೆಯ ಜಾನ್ ಪೌಲರು 1981ರಲ್ಲಿ ಬೋಧಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ, ತಾವು ಆ ಹೆಸರನ್ನೇ ಆರಿಸಿಕೊಂಡದ್ದೇಕೆಂದು ಕಾರ್ಡಿನಲರಿಗೆ ವಿವರಿಸುವಾಗ ಕೃತಕ ಬುದ್ಧಿಮತ್ತೆಯು ಮಾನವ ಘನತೆಗೂ ದುಡಿಮೆಗೂ ಒಡ್ಡುವ ಸವಾಲನ್ನು ನೆನಪಿಸಿದರು.

ಆ ತಾಯಿಗೆ ಇವೆಲ್ಲ ತಿಳಿದಿರಬೇಕಿಲ್ಲ. “ನನಗೂ ಗೊತ್ತಿಲ್ಲವ್ವಾ” ಎಂದು ನಿಜ ಹೇಳಿ, “ಆ ರೋಬೋಟ್ ಯಾರದಿರಬೇಕು? ಸಾವಕಾರರದೋ, ನಮ್ಮ ಓಣಿ ಹೆಣ್ಮಕ್ಕಳ ಸಂಘದ್ದೋ?” ಎಂದು ತಿರುಗಿ ಕೇಳಿದರೆ ಸಾಕು. ಮಗು ಯೋಚಿಸುತ್ತದೆ. ಯಂತ್ರದ ಹಿಂದೆ ಯಾವಾಗಲೂ ಮನುಷ್ಯರಿರುತ್ತಾರೆ, ಅವರು ನ್ಯಾಯವನ್ನೂ ಮಾಡಬಹುದು, ಅನ್ಯಾಯವನ್ನೂ ಮಾಡಬಹುದು ಎಂಬುದು ಅದಕ್ಕೆ ಅಲ್ಲಿಯೇ ಹೊಳೆಯಬಹುದು.

ಅಗಡಿಯವರಿಗೆ ಹೊಸ ಯಂತ್ರದ ಕಥೆ ಹೊಸದೇನೂ ಅಲ್ಲ. 1907ರಲ್ಲಿ ಅಲ್ಲಿನ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಅದನ್ನು ನಡೆಸಿದ ಕಾದಂಬರಿಕಾರ ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಯಂತ್ರ ಅಚ್ಚು ಹಾಕಿಕೊಟ್ಟಿತು ನಿಜ, ಮನೆಬಾಗಿಲವರೆಗೆ ನಡೆದು ಬರಲು ಮನುಷ್ಯನೇ ಬೇಕಾಯಿತು. ಈ ಕಥೆಯನ್ನು ಮಕ್ಕಳಿಗೆ ಹೇಳಿ.

ಆದರೆ ಎಲ್ಲ ಪ್ರಶ್ನೆಗೂ “ಗೊತ್ತಿಲ್ಲ” ಎನ್ನುವುದು ಸಲ್ಲದು. ತೀರಿಹೋದ ಅಜ್ಜಿಯ ದನಿಯಲ್ಲಿ ಫೋನು ಮಾತನಾಡಿದರೆ ಅಜ್ಜಿ ತಿರುಗಿ ಬಂದಂತೆಯೇ ಎಂದು ಮೊಮ್ಮಗ ಕೇಳಬಹುದು. ದನಿಯನ್ನು ಹಾಗೆ ಅನುಕರಿಸುವ ಯಂತ್ರಗಳು ಈಗಾಗಲೇ ಬಂದಿವೆ. ಇಲ್ಲಿ ತಂದೆತಾಯಿ ಅಳುಕದೆ ಹೇಳಬೇಕು: ಅದು ಅಜ್ಜಿಯ ದನಿ ಮಾತ್ರ, ಅಜ್ಜಿ ದೇವರ ಕೈಯಲ್ಲಿದ್ದಾಳೆ. ಫೋನಿಗೆ ನಮ್ಮ ಮೇಲೆ ಪ್ರೀತಿಯಿಲ್ಲ, ಅಜ್ಜಿಗೆ ಇದೆ. ಹೇಳಿ, ಮಗುವಿನ ಜೊತೆ ಕೂತು ಆಕೆಯ ಆತ್ಮಕ್ಕಾಗಿ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಜಪಿಸಬೇಕು. ಮಗುವಿನ ಅಳುವನ್ನು ತಡೆಯಬೇಕಾಗಿಲ್ಲ.

ನಮಗೆ ಅಷ್ಟು ವಿದ್ಯೆ ಎಲ್ಲಿದೆ ಸ್ವಾಮಿ ಎನ್ನುವಿರೇನೋ. ಕಂಪ್ಯೂಟರನ್ನು ಪರಮಪ್ರಸಾದದ ಸೇವೆಗೆ ಬಳಸಿ, 2006ರಲ್ಲಿ ಹದಿನೈದನೆಯ ವಯಸ್ಸಿಗೇ ತೀರಿಕೊಂಡ ಕಾರ್ಲೊ ಅಕ್ಯುಟಿಸ್‌ನನ್ನು 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿಸಲಾಯಿತು. ಅವನ ತಾಯಿ ಮೊದಲು ದೇವಾಲಯಕ್ಕೆ ಹೋಗುತ್ತಿದ್ದುದೇ ಅಪರೂಪ. ಮಗ ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರ ತೋಚದೆ ಆಕೆಯೇ ದೇವಶಾಸ್ತ್ರ ಕಲಿಯಲು ಹೊರಟರು.

ಉತ್ತರ ಹೊಳೆಯದ ಪ್ರಶ್ನೆಯಿದ್ದರೆ ಮಗುವನ್ನು ಕರೆದುಕೊಂಡು ರವಿವಾರ ಪೂಜೆಯ ನಂತರ ನಿಮ್ಮ ಗುರುಗಳ ಬಳಿ ಹೋಗಿ. ಅವರಿಗೂ ತಿಳಿಯದಿದ್ದರೆ ಮೂವರೂ ಕೂತು ಯೋಚಿಸಿರಿ.