ಶಾಲೆಯ ಬಾಗಿಲಲ್ಲಿ ಲಾಜರ

ಶಾಲಾ ಪ್ರವೇಶದ ಕಾಲ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮಾತೆಲ್ಲ ಅದರದೇ ಆಗಿರುತ್ತದೆ. ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದ ತಂದೆತಾಯಿಯರು ಸೀಟಿನ ಕುರಿತು, ಏರಿದ ಶುಲ್ಕದ ಕುರಿತು, ಗುರುಗಳಿಂದ ಪಡೆಯಬೇಕಾದ ಪತ್ರದ ಕುರಿತು ಮಾತನಾಡಿಕೊಳ್ಳುತ್ತಾರೆ. ಮಕ್ಕಳ ಭವಿಷ್ಯದ ಚಿಂತೆ ಹೆತ್ತವರಿಗೆ ಸಹಜವಾದದ್ದೇ. ಆದರೆ ಅದೇ ಶಾಲೆಯ ಅಂಗಳವನ್ನು ಗುಡಿಸುವ ತಾಯಿಯ ಮಗು ಯಾವ ಶಾಲೆಗೆ ಹೋಗುತ್ತದೆ ಎಂಬ ಪ್ರಶ್ನೆ ನಮ್ಮ ಮಾತುಕತೆಯಲ್ಲಿ ಬರುವುದು ವಿರಳ. ಆ ಮಗುವಿನ ಪಾಲನ್ನು ನಿರ್ಧರಿಸುವವರು ಯಾರು?

ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ನೀಡಲು ಸರ್ಕಾರ ಶ್ರಮಿಸಬೇಕೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಸೂಚಿಸಿತ್ತು. ಅದು ಮೂಲಭೂತ ಹಕ್ಕಾಗಲು 2002ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹಕ್ಕನ್ನು ಜಾರಿಗೊಳಿಸುವ ಕಾಯ್ದೆ 2009ರಲ್ಲಿ ರಚನೆಯಾಗಿ, 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿತು. 1968, 1986 ಮತ್ತು 2020ರ ಶಿಕ್ಷಣ ನೀತಿಗಳು ಅದೇ ಮಾತನ್ನು ಪುನರುಚ್ಚರಿಸಿದವು. ಗುರಿ ಮಾತ್ರ ಇಂದಿಗೂ ಕೈಗೆಟುಕಿಲ್ಲ. ಘೋಷಣೆಗೆ ಒಂದು ಸಹಿ ಸಾಕು. ಅದನ್ನು ನಡೆಸಿಕೊಡಲು ಪ್ರತಿವರ್ಷದ ಆಯವ್ಯಯದಲ್ಲಿ ಹಣ ಬೇಕು.

2009ರ ಕಾಯ್ದೆಯ ಒಂದು ವಿಧಿ ಖಾಸಗಿ ಶಾಲೆಗಳ ಬಾಗಿಲನ್ನೇ ತಟ್ಟಿತು. ಅನುದಾನರಹಿತ ಶಾಲೆಗಳು ತಮ್ಮ ಪ್ರವೇಶ ತರಗತಿಯ ಕನಿಷ್ಠ ಶೇ. 25 ಸ್ಥಾನಗಳನ್ನು ದುರ್ಬಲ ಹಾಗೂ ಅವಕಾಶವಂಚಿತ ಕುಟುಂಬಗಳ ಮಕ್ಕಳಿಗೆ ಕೊಡಬೇಕು. ಸರ್ಕಾರ ತಾನು ಒಂದು ಮಗುವಿಗೆ ಮಾಡುವ ವೆಚ್ಚದ ಮಿತಿಯೊಳಗೆ ಅವರ ಶುಲ್ಕ ಭರಿಸಬೇಕು. ಕರ್ನಾಟಕದಲ್ಲಿಯೂ ಇದು ಜಾರಿಯಾಯಿತು. ಕೂಲಿಕಾರರ, ಆಟೋ ಚಾಲಕರ, ಮನೆಗೆಲಸದವರ ಮಕ್ಕಳು ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ ಕುಳಿತರು. ವರ್ಷಗಳು ಉರುಳಿದಂತೆ ಸರ್ಕಾರದ ವೆಚ್ಚ ಏರಿತು, ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. 2019-20ನೇ ಶೈಕ್ಷಣಿಕ ವರ್ಷದಿಂದ ಅನ್ವಯವಾಗುವಂತೆ ರಾಜ್ಯ ಸರ್ಕಾರ ನಿಯಮವನ್ನು ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲವೆಂದಾಯಿತು. ಅಲ್ಲಿಗೆ ಬಹುಪಾಲು ಸೀಟುಗಳು ಇಲ್ಲವಾದವು.

ಈ ಬದಲಾವಣೆಯ ಹಿಂದೆ ತರ್ಕವಿರಲಿಲ್ಲವೆಂದು ಹೇಳಲಾಗದು. ತನ್ನ ಶಾಲೆ ಬರಿದಾಗುತ್ತಿರುವಾಗ ಬೊಕ್ಕಸದ ಹಣವನ್ನು ಖಾಸಗಿ ಶಾಲೆಗೆ ಏಕೆ ಕೊಡಬೇಕೆಂದು ಸರ್ಕಾರ ಕೇಳುವುದು ಸರಿಯೇ. ಆದರೆ ಹೀಗೆ ಉಳಿದ ಹಣ ಸರ್ಕಾರಿ ಶಾಲೆಯ ಸೋರುವ ಮಾಡಿಗೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ ತಲುಪಬೇಕೆಂದು ಗಟ್ಟಿಯಾಗಿ ಕೇಳುವವರು ಬೇಕಲ್ಲವೇ? ಕೇಳಬಲ್ಲವರ ಮಕ್ಕಳು ಆ ಶಾಲೆಯಲ್ಲಿಲ್ಲ. ಸರ್ಕಾರದ ಹಣ ಧ್ವನಿಯಿದ್ದವರ ಕಡೆಗೆ ಹರಿಯುವುದು ರಾಜಕೀಯದ ಹಳೆಯ ರೂಢಿ. ನಾವು ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದಾಗ ನಮ್ಮ ಧ್ವನಿಯನ್ನೂ ಅಲ್ಲಿಂದ ಬಿಡಿಸಿಕೊಂಡೆವು.

ಇನ್ನು ನಮ್ಮ ಸಂಸ್ಥೆಗಳ ಮಾತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಈ ಹೊಣೆಯಿಂದ ಹೊರಗಿಟ್ಟಿತು. 2014ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಅಲ್ಪಸಂಖ್ಯಾತರ ಎಲ್ಲ ಶಾಲೆಗಳಿಗೂ ಈ ಕಾಯ್ದೆ ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ನ್ಯಾಯಾಲಯದ ವಿಚಾರ ನ್ಯಾಯಾಲಯಕ್ಕಿರಲಿ. ಸಂವಿಧಾನದ 30ನೇ ವಿಧಿ ನಮಗೆ ಕೊಟ್ಟಿರುವ ಹಕ್ಕು ಅಮೂಲ್ಯವಾದದ್ದು. ಅದನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಆದರೆ ಕಾನೂನು ಕೊಟ್ಟ ವಿನಾಯಿತಿಯನ್ನು ಶುಭಸಂದೇಶವೂ ನಮಗೆ ಕೊಟ್ಟಿದೆಯೇ?

ನಮ್ಮ ಶಾಲೆಗಳನ್ನು ನಡೆಸುವವರ ಕಷ್ಟಗಳೂ ನಿಜವಾದವು. ಶಿಕ್ಷಕರಿಗೆ ನ್ಯಾಯವಾದ ಸಂಬಳ ಕೊಡಬೇಕು. ಅನುದಾನಿತ ಕನ್ನಡ ಶಾಲೆಯಲ್ಲಿ ಶಿಕ್ಷಕರೊಬ್ಬರು ನಿವೃತ್ತರಾದರೆ ಆ ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಅನುಮತಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಗೌರವ ಶಿಕ್ಷಕರ ಸಂಭಾವನೆಯನ್ನು ಆಡಳಿತ ಮಂಡಳಿಯೇ ಹೊಂದಿಸಬೇಕು. ಶುಲ್ಕ ವಿನಾಯಿತಿಯನ್ನು ಸದ್ದಿಲ್ಲದೆ ಕೊಡುತ್ತ ಬಂದ ಗುರುಗಳೂ ಭಗಿನಿಯರೂ ನಮ್ಮಲ್ಲಿ ಅನೇಕರಿದ್ದಾರೆ. ಆದರೂ ವಿನಾಯಿತಿಗೂ ಹಕ್ಕಿಗೂ ಅಂತರವಿದೆ. ವಿನಾಯಿತಿ ಕೇಳುವವರು ತಲೆತಗ್ಗಿಸಿ ಕಚೇರಿಯ ಹೊರಗೆ ನಿಲ್ಲಬೇಕು. ಹಕ್ಕುಳ್ಳವರು ತಲೆಯೆತ್ತಿ ಒಳಗೆ ಬರುತ್ತಾರೆ.

ಕ್ರೈಸ್ತ ಶಿಕ್ಷಣ ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಘೋಷಣೆಯಲ್ಲಿ ಎರಡು ವಿಚಾರಗಳು ಬರುತ್ತವೆ. ಹೆತ್ತವರು ತಮಗೆ ಬೇಕಾದ ಶಾಲೆಯನ್ನು ಆರಿಸಿಕೊಳ್ಳಲು ಸರ್ಕಾರದ ಹಣ ನ್ಯಾಯವಾಗಿ ಹಂಚಿಕೆಯಾಗಬೇಕು ಎಂಬುದು ಒಂದು. ಬಡವರ, ಕುಟುಂಬದ ಆಸರೆಯಿಲ್ಲದವರ ಅಗತ್ಯಗಳನ್ನು ಕಥೋಲಿಕ ಶಾಲೆಗಳು ವಿಶೇಷವಾಗಿ ನೋಡಿಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಸರ್ಕಾರದ ಮುಂದೆ ಎತ್ತಿಹಿಡಿದು, ಎರಡನೆಯದನ್ನು ನಮ್ಮ ಅನುಕೂಲಕ್ಕೆ ಮರೆಯುವುದು ಪ್ರಾಮಾಣಿಕತೆಯಲ್ಲ.

ಹಾಗಾದರೆ ನಾವೇನು ಮಾಡಬಹುದು? ಕಾನೂನಿನ ಒತ್ತಾಯವಿಲ್ಲದೆಯೂ ನಮ್ಮ ಶಾಲೆಗಳು ಪ್ರತಿ ಪ್ರವೇಶ ತರಗತಿಯಲ್ಲಿ ಬಡಮಕ್ಕಳಿಗೆಂದು ನಿಶ್ಚಿತ ಸ್ಥಾನಗಳನ್ನು ಮುಂಚಿತವಾಗಿಯೇ ಪ್ರಕಟಿಸಬಹುದು. ಅನುಕೂಲಸ್ಥ ಕುಟುಂಬಗಳು ಅಂಥ ಒಂದು ಮಗುವಿನ ವೆಚ್ಚವನ್ನು ಹಂಚಿಕೊಳ್ಳಬಹುದು. ಮಗುವಿನ ಹೆಸರು ಅವರಿಗೆ ತಿಳಿಯಬೇಕಾಗಿಲ್ಲ. ಮತ ಕೇಳಲು ಬಂದವರೊಡನೆ ಸಮುದಾಯಭವನದ ಬೇಡಿಕೆಗೆ ಮೊದಲು ಊರ ಸರ್ಕಾರಿ ಶಾಲೆಯ ಖಾಲಿ ಹುದ್ದೆಗಳ ಬಗ್ಗೆ ಕೇಳಬಹುದು. ನಮ್ಮ ಮಕ್ಕಳು ಅಲ್ಲಿ ಓದದಿದ್ದರೂ ನಮ್ಮ ನೆರೆಯವನ ಮಕ್ಕಳು ಓದುತ್ತಾರೆ.

ಸಂತ ಲೂಕನ ಶುಭಸಂದೇಶದಲ್ಲಿ ಬರುವ ಧನಿಕನನ್ನು ನೆನೆಯೋಣ. ಅವನು ಲಾಜರನನ್ನು ಹೊಡೆದನೆಂದಾಗಲಿ, ಬಾಗಿಲಿನಿಂದ ಅಟ್ಟಿದನೆಂದಾಗಲಿ ಅಲ್ಲಿ ಹೇಳಿಲ್ಲ. ಅವನು ಯಾವ ಕಾನೂನನ್ನೂ ಮುರಿದಂತೆ ಕಾಣುವುದಿಲ್ಲ. ಬಾಗಿಲಲ್ಲಿ ಬಿದ್ದಿದ್ದವನನ್ನು ಅವನು ಅಲ್ಲಿಯೇ ಇರಲು ಬಿಟ್ಟ, ಅಷ್ಟೇ. ಮುಂದಿನ ಜೂನ್‌ನಲ್ಲಿ ನಮ್ಮ ಶಾಲೆಯ ಗಂಟೆ ಬಾರಿಸುವಾಗ ಗೇಟಿನ ಹೊರಗೆ ನಿಂತು ಒಳಗೆ ನೋಡುವ ಮಗುವಿದ್ದರೆ, ನಮಗೆ ವಿನಾಯಿತಿಯಿದೆ ಎಂಬ ಉತ್ತರ ಪ್ರಭುವಿನ ಮುಂದೆ ಸಾಲದು.