ಜೀರ್ಣವೆಂದರೆ ಯಾವುದು?

ವಸ್ತುಗಳ ವಾರ್ಧಕ್ಯವನ್ನು ಹೇಳುವುದಕ್ಕೆ ನಮ್ಮಲ್ಲಿ ‘ಜೀರ್ಣ’ವೆಂಬ ಶಬ್ದವುಂಟು. ವಯಸ್ಸು ಕಳೆಯುವುದೆಂಬ ಅರ್ಥದ ‘ಜೄ’ ಧಾತುವಿನಿಂದ ಇದು ಹುಟ್ಟಿರುವುದು. ಈ ಅರ್ಥದಲ್ಲಿ ಆ ಧಾತುವು ಅಕರ್ಮಕ. ಎಂದರೆ, ಬಟ್ಟೆಯು ತಾನಾಗಿ ಜೀರ್ಣವಾಗುವುದೇ ಹೊರತು ಇನ್ನೊಬ್ಬನು ಎದುರಿಗೆ ನಿಂತು ಅದಕ್ಕೆ ಮುಪ್ಪನ್ನು ವಿಧಿಸುವುದಿಲ್ಲ. ನೂಲು ಸವೆಯಬೇಕು, ಮರಕ್ಕೆ ಹುಳು ಹತ್ತಬೇಕು, ಗಾರೆ ಉದುರಬೇಕು. ಆಗ ಆ ವಸ್ತು ಜೀರ್ಣವಾಯಿತೆನ್ನುತ್ತೇವೆ. ನಮ್ಮ ಕಾಲದಲ್ಲಿ ಬೇರೊಂದು ಬಗೆಯ ಮುಪ್ಪು ಹುಟ್ಟಿಕೊಂಡಿದೆ. ವಸ್ತುವಿನ ಅಂಗಾಂಗಗಳೆಲ್ಲ ನೆಟ್ಟಗಿರುವಾಗಲೇ ದೂರದೇಶದ ಕಚೇರಿಯಲ್ಲಿ ಕುಳಿತವರು, ಇಂಥ ದಿನದಿಂದ ಇದು ಹಳೆಯದು ಎಂದು ಪ್ರಕಟಿಸಿದರೆ ಆ ದಿನದಿಂದ ಅದು ಹಳೆಯದು. ಪಂಚಾಂಗದಲ್ಲಿ ಗ್ರಹಣವನ್ನು ಮೊದಲೇ ಗಣಿಸಿ ಬರೆದಿರುವಂತೆ, ಯಂತ್ರದ ಅವಸಾನತಿಥಿಯನ್ನೂ ಬರೆದಿಟ್ಟಿರುತ್ತಾರೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಪ್ರೇರಣಾರ್ಥಕ: ಜೀರ್ಣವಾದದ್ದಲ್ಲ, ಜೀರ್ಣಗೊಳಿಸಿದ್ದು. ಈ ಎರಡಕ್ಕೂ ಇರುವ ಭೇದವನ್ನು, ಈಗ ಅನೇಕರ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ಹಳೆಯ ಕಂಪ್ಯೂಟರಿನ ದೃಷ್ಟಾಂತದಿಂದ ವಿಚಾರಮಾಡಬೇಕೆಂದಿದ್ದೇನೆ.

ಸಂಗತಿ ಹಲವರಿಗೆ ಅನುಭವದ್ದೇ. ೨೦೧೫ರಲ್ಲಿ ಬಂದ ವಿಂಡೋಸ್ ೧೦ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಮೈಕ್ರೋಸಾಫ್ಟ್ ಕಂಪನಿಯವರು ೨೦೨೫ನೆಯ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಬೇಕೆಂದ ಗೃಹಸ್ಥರಿಗೆ ಮೇಲೊಂದು ವರ್ಷದ ಅವಧಿಯನ್ನು ಏರ್ಪಡಿಸಿದರು. ಅದರ ಸ್ಥಾನದಲ್ಲಿ ೨೦೨೧ರಲ್ಲಿಯೇ ಬಂದಿದ್ದ ವಿಂಡೋಸ್ ೧೧ ಎಲ್ಲ ಯಂತ್ರಗಳನ್ನೂ ಒಲ್ಲದು. ಟಿ.ಪಿ.ಎಂ. ೨.೦ ಎಂಬ ಭದ್ರತಾ ಅಂಗವಿರಬೇಕು. ಪ್ರೊಸೆಸರು ಇಂಟೆಲ್ ಕಂಪನಿಯದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಅನಂತರದ್ದೋ ಆಗಿರಬೇಕು. ೪ ಗಿಗಾಬೈಟ್ ರ‍್ಯಾಮ್, ೬೪ ಗಿಗಾಬೈಟ್ ಸಂಗ್ರಹಸ್ಥಳವಾದರೂ ಇರಬೇಕು. ೨೦೧೬ರಲ್ಲಿ ಸಾಲಮಾಡಿ ಕೊಂಡ ಯಂತ್ರವು ಈ ಸ್ವಯಂವರದಲ್ಲಿ ಬಾಗಿಲಿನಲ್ಲಿಯೇ ತಡೆಯಲ್ಪಡುತ್ತದೆ. ಅದರ ಪರದೆ ಬೆಳಗುತ್ತಿದೆ, ಕೀಲಿಗಳು ಒತ್ತಿಗೆ ಓಗೊಡುತ್ತಿವೆ, ಫ್ಯಾನು ತಿರುಗುತ್ತಿದೆ. ಆದರೂ ಅದು ಹಳೆಯದು.

ಕಂಪನಿಯನ್ನು ಬೈಯುವುದು ಸುಲಭ, ನ್ಯಾಯವಲ್ಲ. ಹತ್ತು ವರ್ಷ ಒಂದನ್ನು ಪೋಷಿಸಿದವರು ಎಂದೆಂದಿಗೂ ಪೋಷಿಸುತ್ತಲೇ ಇರತಕ್ಕದ್ದೆಂದು ಯಾವ ಧರ್ಮಶಾಸ್ತ್ರವೂ ವಿಧಿಸಲಾರದು. ಭದ್ರತಾ ಅಂಗವನ್ನು ಕೇಳಿದ್ದರಲ್ಲಿಯೂ ಅರ್ಥವಿಲ್ಲದಿಲ್ಲ. ಪ್ರಶ್ನೆಯು ಬೇರೆ: ಅವರು ಕೈಬಿಟ್ಟ ಮಾತ್ರಕ್ಕೆ ನಾವೂ ಕೈಬಿಡಬೇಕೆ?

ಇಲ್ಲಿಯೇ ಲಿನಕ್ಸಿನ ಪ್ರಸ್ತಾಪ ಬರುವುದು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ತಜ್ಞನು, ಯಾರು ಬೇಕಾದರೂ ನಡೆಯಿಸಿ, ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳನ್ನು ರಚಿಸುವ ‘ಗ್ನೂ’ ಎಂಬ ಉದ್ಯಮವನ್ನು ಸಾರಿದನು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸನು ತನ್ನ ೩೮೬ ಪ್ರೊಸೆಸರಿನ ಯಂತ್ರಕ್ಕಾಗಿ ಒಂದು ತಿರುಳನ್ನು ಬರೆದು, ಮರುವರ್ಷ ಅದನ್ನೂ ಅದೇ ಬಗೆಯ ಪರವಾನಗಿಯಡಿಯಲ್ಲಿ ಲೋಕಕ್ಕೆ ಬಿಟ್ಟನು. ಈ ತಿರುಳಿನ ಸುತ್ತ ಬೇಕಾದ ಉಪಕರಣಗಳನ್ನು ಜೋಡಿಸಿ ಬಳಕೆಗೆ ಸಿದ್ಧಮಾಡಿದ್ದಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಅದೇ ತೊಗರಿಬೇಳೆಯಿಂದ ಒಬ್ಬರು ಹೋಳಿಗೆ ಮಾಡುತ್ತಾರೆ, ಇನ್ನೊಬ್ಬರು ತಿಳಿಸಾರು ಮಾಡುತ್ತಾರೆ. ಮುದುಕರಿಗೆ ತಿಳಿಸಾರೇ ಹಿತ. ಹಳೆಯ ಯಂತ್ರಗಳಿಗೆಂದೇ ಇಂಥ ಹಗುರವಾದ ಡಿಸ್ಟ್ರೋಗಳು ಹಲವು ಉಂಟು. ಆಸ್ಟ್ರೇಲಿಯದ ಬ್ಯಾರಿ ಕಾಲರ್ ೨೦೦೩ರಲ್ಲಿ ಆರಂಭಿಸಿದ ‘ಪಪ್ಪಿ’ಯು ತನ್ನನ್ನು ಇಡಿಯಾಗಿ ರ‍್ಯಾಮ್‌ಗೆ ಏರಿಸಿಕೊಂಡು ಓಡುವುದರಿಂದ ಹಾರ್ಡ್ ಡಿಸ್ಕಿನ ನಿಧಾನವು ಅದನ್ನು ಬಾಧಿಸದು. ಡೆಬಿಯನ್ ಎಂಬ ಹಿರಿಯ ಡಿಸ್ಟ್ರೋವನ್ನು ಆಧರಿಸಿದ ‘ಆಂಟಿಎಕ್ಸ್’ ಪರದೆಯನ್ನು ಹರಡಿ ನಿಂತಾಗ ಎರಡುನೂರು ಮೆಗಾಬೈಟಿನ ಆಸುಪಾಸಿನ ನೆನಪಿನಲ್ಲಿ ತೃಪ್ತವಾಗುತ್ತದೆ. ‘ಟೈನಿ ಕೋರ್’ ಎಂಬುದಂತೂ ಇಡೀ ಪ್ರತಿಯೇ ಸುಮಾರು ೨೩ ಮೆಗಾಬೈಟು. ಅದು ಏಕಾದಶಿಯ ಉಪವಾಸಿ, ಎಲ್ಲರಿಗೂ ಹೇಳಿಸಿದ್ದಲ್ಲ.

ಹಾಕುವ ಕ್ರಮದಲ್ಲಿಯೂ ಒಂದು ಸೌಜನ್ಯವಿದೆ. ಪ್ರತಿಯನ್ನು ಪೆನ್ ಡ್ರೈವಿಗೆ ಬರೆದು ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು. ಒಳಗಿನ ಡಿಸ್ಕನ್ನು ಮುಟ್ಟದೆ ಎರಡು ದಿನ ನಡೆಯಿಸಿ ನೋಡಿ, ಒಪ್ಪಿದರೆ ಸ್ಥಾಪಿಸಬಹುದು, ಒಪ್ಪದಿದ್ದರೆ ಕಡ್ಡಿಯನ್ನು ಕಿತ್ತುಕೊಂಡರೆ ಮುಗಿಯಿತು. ಕನ್ನಡಕ್ಕೂ ಕೊರತೆಯಿಲ್ಲ: ಇನ್‌ಸ್ಕ್ರಿಪ್ಟ್, ಕ.ಗ.ಪ. ಎರಡೂ ಕೀಲಿವಿನ್ಯಾಸಗಳನ್ನು ಹಾಕಿಕೊಳ್ಳಬಹುದು. ಲೋಹಿತ್, ನೋಟೋ ಮೊದಲಾದ ಲಿಪಿಗಳು ಬೆಲೆಯಿಲ್ಲದೆ ದೊರೆಯುತ್ತವೆ.

ಗೀತೆಯ ಎರಡನೆಯ ಅಧ್ಯಾಯದಲ್ಲಿ ದೇಹಕ್ಕೆ ಹಳೆಯ ಬಟ್ಟೆಯ ಉಪಮಾನವಿರುವುದು ಎಲ್ಲರಿಗೂ ಗೊತ್ತು. ಉಟ್ಟವನು ಉಳಿದು ಬಟ್ಟೆ ಬದಲಾಗುವುದು ಅಲ್ಲಿಯ ಕ್ರಮ. ಇಲ್ಲಿಯದು ಅದರ ವ್ಯತಿರೇಕ: ಬಟ್ಟೆ ಉಳಿದು ಉಟ್ಟವನು ಬದಲಾಗುತ್ತಾನೆ. ಒಳಗಿದ್ದವನ ತೂಕಕ್ಕೆ ಕುಸಿದಿದ್ದ ದೇಹವು, ಹಗುರವಾದವನು ಒಳಹೊಕ್ಕೊಡನೆ ಎದ್ದು ನಡೆಯುತ್ತದೆ. ಹಾಗಾದರೆ ಮೊದಲು ಕುಂಟಿದ್ದು ಯಾವುದು, ದೇಹವೆ, ದೇಹಿಯೆ? ಸ್ವಿಟ್ಜರ್‌ಲೆಂಡಿನ ಪಂಡಿತ ನಿಕ್ಲಾಸ್ ವಿರ್ತ್ ೧೯೯೫ರ ಒಂದು ಪ್ರಬಂಧದಲ್ಲಿ, ಯಂತ್ರಗಳ ವೇಗ ಹೆಚ್ಚುವುದಕ್ಕಿಂತ ಶೀಘ್ರವಾಗಿ ತಂತ್ರಾಂಶಗಳ ಮಾಂದ್ಯವು ಹೆಚ್ಚುತ್ತಿದೆಯೆಂಬ ಅಭಿಪ್ರಾಯವನ್ನು ಎತ್ತಿಹೇಳಿದನು. ಸಂಬಳ ಏರಿದಷ್ಟೂ ಖರ್ಚು ಅದಕ್ಕಿಂತ ಮುಂದೆ ಓಡುವ ಸಂಸಾರಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಪೂರ್ವಪಕ್ಷ. ಪತ್ರ ಬರೆಯುವುದು, ಲೆಕ್ಕ ಇಡುವುದು, ಪುಸ್ತಕ ಓದುವುದು, ಹಾಡು ಕೇಳುವುದು ಇವೆಲ್ಲ ಹಳೆಯ ಯಂತ್ರದಲ್ಲಿ ಸಲ್ಲುತ್ತವೆ, ಸರಿ. ಆದರೆ ಈಗಿನ ಕಾಲದ ಕೆಲಸಗಳೆಲ್ಲ ಬ್ರೌಸರಿನೊಳಗೆ ನಡೆಯತಕ್ಕವು, ಬ್ರೌಸರು ಯಾರ ಮಾತನ್ನೂ ಕೇಳುವುದಿಲ್ಲ, ಎನ್ನುವರು. ಈ ಆಕ್ಷೇಪ ಬಲವಾದದ್ದು. ಆಪರೇಟಿಂಗ್ ಸಿಸ್ಟಮ್ಮು ಎಷ್ಟೇ ಮಿತಾಹಾರಿಯಾಗಿರಲಿ, ನಾಲ್ಕಾರು ಪುಟಗಳನ್ನು ತೆರೆದಿಟ್ಟ ಬ್ರೌಸರು ಒಂದು ಗಿಗಾಬೈಟನ್ನು ನುಂಗಿ ಇನ್ನೂ ಎಲೆ ಚಾಚುತ್ತದೆ. ಒಂದೇ ಗಿಗಾಬೈಟ್ ರ‍್ಯಾಮ್ ಇರುವ ಯಂತ್ರಕ್ಕೆ ಯಾವ ಡಿಸ್ಟ್ರೋ ಹಾಕಿದರೂ ಅದರಲ್ಲಿ ಪಾಠದ ವೀಡಿಯೋ ಸರಾಗವಾಗಿ ಹರಿಯುವುದೆಂದು ಭರವಸೆ ಕೊಡುವವನು ಯಂತ್ರವನ್ನು ಬಲ್ಲವನಲ್ಲ. ಎರಡು ಗಿಗಾಬೈಟಿನಲ್ಲಿ ತಾಳ್ಮೆಯಿದ್ದವರಿಗೆ ಸಾಧ್ಯ. ನಾಲ್ಕಿದ್ದು, ತಿರುಗುವ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿದರೆ ಸಾಧಾರಣ ಗೃಹಸ್ಥನಿಗೆ ಏನೂ ಕಡಿಮೆಯಾಗದು. ಮಿತಿಯನ್ನು ಮರೆಮಾಚಿ ಮಾಡುವ ಸ್ತುತಿಯಿಂದ ಲಿನಕ್ಸಿಗೆ ಹಾನಿಯೇ ಹೆಚ್ಚು. ಯಾವ ಕೆಲಸಕ್ಕೆ ಯಾವ ಯಂತ್ರವೆಂಬ ವಿವೇಕವನ್ನು ಡಿಸ್ಟ್ರೋ ತಂದುಕೊಡಲಾರದು.

ಲಿನಕ್ಸಿನವರೂ ಹಳೆಯದನ್ನು ಕೈಬಿಡುತ್ತಾರಲ್ಲ, ಎಂಬುದು ಎರಡನೆಯ ಆಕ್ಷೇಪ. ನಿಜ. ಯಾವ ೩೮೬ ಪ್ರೊಸೆಸರಿನ ಮೇಲೆ ಆ ತಿರುಳು ಹುಟ್ಟಿತೋ ಅದರ ಬೆಂಬಲವನ್ನೇ ೨೦೧೨ರ ಕೊನೆಯಲ್ಲಿ ತೆಗೆದುಹಾಕಿದರು. ಡೆಬಿಯನ್ನಿನವರು ೨೦೨೫ರ ಆಗಸ್ಟಿನಲ್ಲಿ ಹೊರತಂದ ೧೩ನೆಯ ಆವೃತ್ತಿಯಲ್ಲಿ ೩೨ ಬಿಟ್ಟಿನ ಹಳೆಯ ಯಂತ್ರಗಳಿಗೆ ಸ್ಥಾಪನೆಯ ಸೌಕರ್ಯವನ್ನು ಕೊಡಲಿಲ್ಲ. ಆದರೆ ಇಲ್ಲಿ ನೋಡತಕ್ಕ ಸೂಕ್ಷ್ಮವೊಂದಿದೆ. ಬಿಟ್ಟವರು ಬಿಟ್ಟರೂ ಬರೆಹವು ಬಯಲಿನಲ್ಲಿಯೇ ಇರುತ್ತದೆ. ಶಕ್ತಿಯೂ ಶ್ರದ್ಧೆಯೂ ಉಳ್ಳವನು ಅದನ್ನು ಎತ್ತಿಕೊಂಡು ಮುಂದುವರಿಸಲು ಯಾರ ಅಪ್ಪಣೆಯೂ ಬೇಡ. ಮುಚ್ಚಿದ ತಂತ್ರಾಂಶದಲ್ಲಿ ಮೂಲ ಬರೆಹಕ್ಕೆ ಬೀಗ ಬಿದ್ದಿರುವುದರಿಂದ, ಒಡೆಯನು ಬಿಟ್ಟಮೇಲೆ ಬೇರೆಯವರು ಎತ್ತಿಕೊಳ್ಳುವಂತೆಯೇ ಇಲ್ಲ. ಎರಡು ಕಡೆಯೂ ಮುಪ್ಪುಂಟು, ಸಾವೂ ಉಂಟು. ಒಂದು ಕಡೆ ಚಿಕಿತ್ಸೆಗೆ ಅಧಿಕಾರವುಂಟು, ಇನ್ನೊಂದು ಕಡೆ ಇಲ್ಲ. ನನ್ನ ಪಕ್ಷಪಾತಕ್ಕೆ ಇಷ್ಟೇ ಕಾರಣ.

ಈ ಅಧಿಕಾರವನ್ನು ಚಲಾಯಿಸುವವರಾರು? ಅಲ್ಲಲ್ಲಿ ಚೆದರಿ ಕುಳಿತ ಕೆಲವೇ ಮಂದಿ, ಹಲವರು ಸಂಬಳವಿಲ್ಲದೆ. ಅವರ ದುಡಿಮೆಯನ್ನು ಉಚಿತವೆಂದು ಉಂಡು ಕೈತೊಳೆಯುವುದು ಋಣವನ್ನು ಮರೆತಂತೆ. ನಮ್ಮ ಪೂರ್ವಿಕರು ಕೆರೆಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಹೂಳು ತೆಗೆಯುವುದಕ್ಕೂ ಏರಿಯನ್ನು ಕಾಯುವುದಕ್ಕೂ ಭೂಮಿಯನ್ನು ಬಿಟ್ಟುಕೊಟ್ಟರು. ಬಿಟ್ಟುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ತುಂಬಿವೆ. ರಕ್ಷಣೆಗೆ ವೃತ್ತಿಯನ್ನೇರ್ಪಡಿಸದ ಧರ್ಮವು ನಿಲ್ಲದೆಂದು ಅವರು ಬಲ್ಲರು. ಈ ಕಾಲದ ಕೆರೆಗಳ ಪಾಡು ೨೦೨೪ರ ಮಾರ್ಚಿನಲ್ಲಿ ಬೆಳಕಿಗೆ ಬಂದಿತು. ಎಕ್ಸ್‌ಜೆಡ್ ಎಂಬ ಚಿಕ್ಕ ಉಪಕರಣವನ್ನು ಲೋಕದ ಎಷ್ಟೋ ಲಿನಕ್ಸ್ ಯಂತ್ರಗಳು ನೆಚ್ಚಿದ್ದವು. ವರ್ಷಗಟ್ಟಲೆ ಅದನ್ನು ನೋಡಿಕೊಂಡವನು ಬಹುಮಟ್ಟಿಗೆ ಒಬ್ಬನೇ ಒಬ್ಬ ಬಳಲಿದ ಸ್ವಯಂಸೇವಕ. ಸಹಾಯಕನ ವೇಷದಿಂದ ಬಂದ ಒಬ್ಬನು ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸ ಸಂಪಾದಿಸಿ ಅದರೊಳಗೆ ಕಳ್ಳಬಾಗಿಲನ್ನಿಟ್ಟನು. ಆಂಡ್ರೆಸ್ ಫ್ರೊಯಿಂಡ್ ಎಂಬ ತಜ್ಞನು, ತನ್ನ ಯಂತ್ರವು ಅರ್ಧ ಕ್ಷಣ ತಡಮಾಡಿತೇಕೆಂದು ಸಂದೇಹಪಟ್ಟು ಹುಡುಕಿದ್ದರಿಂದ ಅದು ಸಿಕ್ಕಿಬಿದ್ದಿತು. ಹೊಸ ಲ್ಯಾಪ್‌ಟಾಪಿಗೆ ಕೊಡಬೇಕಾಗಿದ್ದ ಹಣ ಉಳಿಯಿತೆಂದು ಸಂತೋಷಪಡುವವರು ಅದರ ನೂರರಲ್ಲೊಂದು ಪಾಲನ್ನಾದರೂ ತಾವು ಬಳಸುವ ಡಿಸ್ಟ್ರೋದವರಿಗೆ ಕಳುಹಿಸಿದರೆ ಅದೇ ಈ ಕಾಲದ ಕೆರೆಗೊಡಗೆ.

ಇದಕ್ಕಿಂತ ಸೂಕ್ಷ್ಮವಾದದ್ದು ದಾನದ ಪ್ರಶ್ನೆ. ಕಠೋಪನಿಷತ್ತಿನ ಆರಂಭದಲ್ಲಿ, ಸರ್ವಸ್ವವನ್ನೂ ಕೊಡುತ್ತೇನೆಂದು ಯಾಗಕ್ಕೆ ಕುಳಿತ ತಂದೆಯು ಹಾಲು ಬತ್ತಿದ ಮುದಿಗೋವುಗಳನ್ನು ದಕ್ಷಿಣೆಯಾಗಿ ಹೊರಡಿಸುತ್ತಿದ್ದುದನ್ನು ಕಂಡು ನಚಿಕೇತನಿಗೆ ಕಳವಳವಾಗುತ್ತದೆ. ಕೊಡುವವನಿಗೆ ಹೊರೆ ಕಳೆಯಿತು, ಪಡೆದವನಿಗೆ ಹೊರೆ ಬಂದಿತು. ನಡುವೆ ದಾನವೆಂಬ ಹೆಸರು ಮಾತ್ರ. ಕಚೇರಿಗಳು ಬಿಟ್ಟ ಕಂಪ್ಯೂಟರುಗಳನ್ನು ಹಳ್ಳಿಯ ಶಾಲೆಗಳಿಗೆ ಕಳುಹಿಸುವ ಪದ್ಧತಿಯನ್ನು ನೋಡಿದಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ. ೨೦೨೨ರಲ್ಲಿ ಲೋಕದಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯವು ಸುಮಾರು ೬.೨ ಕೋಟಿ ಟನ್ನೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದು ಕಾಲುಭಾಗಕ್ಕಿಂತ ಕಡಿಮೆಯೆಂದೂ ವಿಶ್ವಸಂಸ್ಥೆಯ ವರದಿಯಿದೆ. ತ್ಯಾಜ್ಯಕ್ಕೆ ಹೋಗಬೇಕಾದದ್ದು ಶಾಲೆಯ ಬಾಗಿಲಿಗೆ ಬಂದರೆ, ತಿಪ್ಪೆಯು ಊರು ಬದಲಾಯಿಸಿತೆಂದಲ್ಲದೆ ಬೇರೇನು?

ಆದರೂ ಎಲ್ಲ ಗೋವೂ ಬತ್ತಿದ್ದಲ್ಲ. ಮೇವು ಒಗ್ಗದೆ ಹಾಲು ಕೊಡದಿದ್ದದ್ದು, ಮೇವು ಬದಲಾಯಿಸಿದರೆ ಕರೆಯುವುದುಂಟು. ಹಗುರವಾದ ಡಿಸ್ಟ್ರೋ ಈ ಪರೀಕ್ಷೆಯನ್ನು ಮಾಡಿಕೊಡುತ್ತದೆ. ಕೊಡಬೇಕೆಂಬವರು ಯಂತ್ರಕ್ಕೆ ಅದನ್ನು ಹಾಕಿ, ಒಂದು ವಾರ ತಮ್ಮ ಮನೆಯ ಮಗುವಿನಿಂದಲೇ ಅದರಲ್ಲಿ ಪಾಠ ಓದಿಸಲಿ, ಅರ್ಜಿ ತುಂಬಿಸಲಿ. ಆ ಮಗು ಒಪ್ಪಿದ ಮೇಲೆ ಕಳುಹಿಸಲಿ. ಹಾಗೆ ಕಳುಹಿಸಿದರೂ, ಬಡವರ ಮಕ್ಕಳಿಗೆ ಯಾವಾಗಲೂ ಉಳ್ಳವರ ಮಿಕ್ಕದ್ದೇ ಏಕೆ ಎಂಬ ಪ್ರಶ್ನೆ ಹಾಗೆಯೇ ನಿಲ್ಲುವುದು. ಶಾಲೆಗೆ ಹೊಸ ಯಂತ್ರ ಕೊಡಬೇಕಾದವರ ಬಾಧ್ಯತೆ ನಮ್ಮ ಹಳೆಯ ಯಂತ್ರದಿಂದ ತೀರುವುದಿಲ್ಲ. ತೀರಿತೆಂದು ಯಾರಾದರೂ ಲೆಕ್ಕ ಬರೆದರೆ ನಮ್ಮ ಕೊಡುಗೆಯಿಂದ ಆ ಮಕ್ಕಳಿಗೆ ಅನ್ಯಾಯವೇ ಆದಂತೆ.

ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೀಗೆ ಹನ್ನೆರಡು ಯಂತ್ರಗಳು ಹಾರತುರಾಯಿಗಳೊಡನೆ ಬಂದವು. ಮೂರು ತಿಂಗಳಲ್ಲಿ ಕೋಣೆಗೆ ಬೀಗ ಬಿದ್ದಿತು. ಒಂದೊಂದೂ ಎದ್ದು ನಿಲ್ಲುವುದರೊಳಗೆ ಪಾಠದ ಗಂಟೆಯೇ ಮುಗಿಯುತ್ತಿತ್ತಂತೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಜಾತ್ರೆಗೆ ಬಂದವನು, ಸತ್ತ ಯಂತ್ರಗಳ ರ‍್ಯಾಮನ್ನು ಕಿತ್ತು ಬದುಕಿದವಕ್ಕೆ ಸೇರಿಸಿ ಎರಡನ್ನು ನಾಲ್ಕು ಗಿಗಾಬೈಟು ಮಾಡಿ, ಧೂಳು ಊದಿ, ಆಂಟಿಎಕ್ಸನ್ನು ಹಾಕಿದನು. ಏಳು ಎದ್ದವು. ಮುಖ್ಯೋಪಾಧ್ಯಾಯರು ಅವನನ್ನು ಕೇಳಿದ್ದು ಇನ್ನಷ್ಟು ಯಂತ್ರಗಳನ್ನಲ್ಲ, “ತಿಂಗಳಿಗೊಮ್ಮೆ ಬಂದು ನೋಡುವೆಯೇನಪ್ಪ?” ಎಂದು ಮಾತ್ರ. ಅವನು ಬರುತ್ತಾನೆ, ಬಾರದ ತಿಂಗಳು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ತಾವೇ ಮುಚ್ಚಳ ಬಿಚ್ಚುತ್ತಾರೆ. ಉಳಿದ ಐದರಲ್ಲಿ ಮೂರನ್ನು ಬಿಡಿಭಾಗಗಳಿಗೆಂದು ಇಟ್ಟುಕೊಂಡು, ಎರಡನ್ನು ನೋಂದಾಯಿತ ತ್ಯಾಜ್ಯ ಸಂಸ್ಕಾರಕರಿಗೆ ಒಪ್ಪಿಸಲು ಮೇಲಿನ ಕಚೇರಿಯ ಅನುಮತಿಯನ್ನು ಬೇಡಿದ್ದಾರೆ. ಉತ್ತರ ಬಂದಿಲ್ಲ. ದಾಸ್ತಾನು ಪುಸ್ತಕದಲ್ಲಿ ಹನ್ನೆರಡೂ ಸುಸ್ಥಿತಿಯಲ್ಲಿರುವುದಾಗಿ ನಮೂದಾಗಿದೆ.