ಸಾಕ್ಷಿ ಹೇಳುವ ಪೆಟ್ಟಿಗೆ

ಸಂಜೆಯ ಹೊತ್ತು ಊರ ಚಹದ ಅಂಗಡಿಯ ಮುಂದೆ ಕೂತವರು ಮಳೆ ಬೆಳೆಗಳ ಸುದ್ದಿಯನ್ನು ಮುಗಿಸಿದ ಮೇಲೆ ಏನು ಮಾತಾಡುತ್ತಾರೆಂಬದನ್ನು ಲಕ್ಷ್ಯವಿಟ್ಟು ಕೇಳಿದ್ದೀರೋ? ಮೊಬೈಲ್ ಫೋನು, ಅದರ ಬೆಲೆ, ಅದರಿಂದ ಹಣ ಕಳುಹಿಸುವ ರೀತಿ, ಯಾರ ವ್ಯಾಪಾರ ಏರಿತು, ಯಾರದು ಇಳಿಯಿತು, ಇವೇ ಮಾತುಗಳು. ಇವನ್ನು ಬರೀ ಹರಟೆಯೆಂದು ತಳ್ಳಿಬಿಡುವವರುಂಟು. ಆದರೆ ಹೊಟ್ಟಿನೊಳಗೆ ಕಾಳು ಉಳಿದಿರುವಂತೆ ಹರಟೆಯೊಳಗೂ ಕೆಲವು ಸಾರಿ ದೊಡ್ಡ ಪ್ರಶ್ನೆ ಅಡಗಿರುತ್ತದೆ. ಅಂಥದೊಂದನ್ನು ನಾವು ಇಲ್ಲಿ ವಿಚಾರಿಸೋಣ. ಅಂಗಡಿಯಲ್ಲಿ ಹಣ ಬಂದ ಕೂಡಲೇ ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುವ ಸಣ್ಣ ಪೆಟ್ಟಿಗೆಯನ್ನು ಎಲ್ಲರೂ ಬಲ್ಲರು. ಈ ಪೆಟ್ಟಿಗೆ ಬಂದ ಮೇಲೆ ಜನರು ಪ್ರಾಮಾಣಿಕರಾದರೆಂದು ಒಬ್ಬನು ಅನ್ನುತ್ತಾನೆ. ಇದು ಬಂದ ಮೇಲೆ ಮನುಷ್ಯನು ಮನುಷ್ಯನನ್ನು ನಂಬುವದೇ ನಿಂತುಹೋಯಿತೆಂದು ಮತ್ತೊಬ್ಬನು ಅನ್ನುತ್ತಾನೆ. ಇವರಿಬ್ಬರಲ್ಲಿ ಯಾರ ಮಾತು ನಿಜ?

ಮೊದಲು ಈ ವಸ್ತುಗಳು ಎಲ್ಲಿಂದ ಬಂದವೆಂದು ತಿಳಿಯುವದು ಒಳ್ಳೇದು. ಅಂಗಡಿಯ ಗೋಡೆಗೆ ಅಂಟಿಸಿರುವ ಕಪ್ಪು ಬಿಳುಪಿನ ಚೌಕಕ್ಕೆ ಕ್ಯೂ.ಆರ್. ಕೋಡ್ ಎಂದು ಹೆಸರು. ಜಪಾನು ದೇಶದ ಮಸಾಹಿರೋ ಹಾರಾ ಎಂಬವರು ತಮ್ಮ ಸಂಗಡಿಗರೊಂದಿಗೆ 1994ರಲ್ಲಿ ಅದನ್ನು ಕಂಡುಹಿಡಿದರು. ಹಣದ ವ್ಯವಹಾರಕ್ಕಾಗಿ ಅಲ್ಲ, ಮೋಟಾರು ಕಾರ್ಖಾನೆಗಳಲ್ಲಿ ಬಿಡಿಭಾಗಗಳ ಗುರುತನ್ನು ಬೇಗನೆ ಓದುವದಕ್ಕಾಗಿಯೇ ಅದು ಹುಟ್ಟಿತು. ಹಕ್ಕುಪತ್ರವು ತನ್ನ ಕೈಯಲ್ಲಿದ್ದರೂ ಅವರ ಕಂಪೆನಿಯು ಅದನ್ನು ಉಪಯೋಗಿಸುವವರಿಂದ ಹಣ ಕೇಳಲಿಲ್ಲ. ಆದಕಾರಣ ಅದು ಲೋಕದಲ್ಲೆಲ್ಲಾ ಹಬ್ಬಿತು. ನಮ್ಮ ದೇಶದಲ್ಲಿ ಫೋನಿನ ಮೂಲಕ ಒಂದು ಬ್ಯಾಂಕಿನಿಂದ ಮತ್ತೊಂದು ಬ್ಯಾಂಕಿಗೆ ಕ್ಷಣಮಾತ್ರದಲ್ಲಿ ಹಣ ಕಳುಹಿಸುವ ಯು.ಪಿ.ಐ. ಎಂಬ ಏರ್ಪಾಡು 2016ರ ಏಪ್ರಿಲಿನಲ್ಲಿ ಆರಂಭವಾಯಿತು. ಅದೇ ವರ್ಷದ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾಗಿ, ಜನರು ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತ ದಿವಸಗಳು ನಿಮ್ಮ ನೆನಪಿನಲ್ಲಿರಬಹುದು. ಕೈಯಲ್ಲಿ ನಗದಿಲ್ಲದ ಆ ಕಾಲದಿಂದ ಅನೇಕರು ಈ ಹೊಸ ದಾರಿಗೆ ತಿರುಗಿದರು. 2023ರ ಆಗಸ್ಟಿನಲ್ಲಿ ಒಂದೇ ತಿಂಗಳಿನ ವ್ಯವಹಾರಗಳ ಸಂಖ್ಯೆ ಮೊದಲನೇ ಸಾರಿ 1000 ಕೋಟಿಯನ್ನು ದಾಟಿತು. 2025ರ ಆಗಸ್ಟಿನಲ್ಲಿ 2000 ಕೋಟಿಯನ್ನು ದಾಟಿತು. ಗುಂಡಿಗಳಿರುವ ಸಾಧಾರಣ ಫೋನಿನಿಂದಲೂ ಹಣ ಕಳುಹಿಸುವ ಹೊಸ ಅನುಕೂಲವೊಂದು 2022ರ ಮಾರ್ಚಿನಲ್ಲಿ ಉಂಟಾಯಿತು.

ಹಾಗಾದರೆ ಕೂಗುವ ಪೆಟ್ಟಿಗೆ ಯಾತಕ್ಕೆ ಬೇಕಾಯಿತು? ಹಣ ಕಳುಹಿಸದೆಯೇ ಕಳುಹಿಸಿದಂತೆ ಕಾಣುವ ಸುಳ್ಳು ಚಿತ್ರವನ್ನು ಫೋನಿನಲ್ಲಿ ತೋರಿಸಿ, ಸರಕನ್ನು ತಕ್ಕೊಂಡು ಹೋಗುವ ವಂಚಕರು ಹುಟ್ಟಿಕೊಂಡರು. ಗಿರಾಕಿಗಳ ಗದ್ದಲದಲ್ಲಿ ಮಾರುವವನಿಗೆ ಪ್ರತಿಯೊಂದು ಸಾರಿಯೂ ತನ್ನ ಫೋನನ್ನು ತೆಗೆದು ನೋಡಲು ಸಮಯವಿಲ್ಲ. ಕೆಲವರಿಗೆ ಓದಲಿಕ್ಕೂ ಬಾರದು. ಆದದರಿಂದ ಕೊಡುವವನ ಮಾತಿಗೆ ಕಾಯದೆ, ಹಣವು ನಿಜವಾಗಿ ಲೆಕ್ಕಕ್ಕೆ ಸೇರಿದ ಮೇಲೆಯೇ ಬಾಯಿತೆರೆಯುವ ಸಾಕ್ಷಿಯೊಂದು ಅಂಗಡಿಗೆ ಬಂತು.

ಇಂಥ ಸಾಕ್ಷಿಯನ್ನು ಮನುಷ್ಯರು ಹುಡುಕಿದ್ದು ಇದೇ ಮೊದಲಲ್ಲ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಅಮೆರಿಕ ದೇಶದ ಓಹಾಯೊ ಸಂಸ್ಥಾನದ ಡೇಟನ್ ಪಟ್ಟಣದಲ್ಲಿ ಜೇಮ್ಸ್ ರಿಟ್ಟಿ ಎಂಬ ಪಾನಗೃಹದ ಯಜಮಾನನಿದ್ದನು. ಅವನ ಕೆಲಸಗಾರರು ಬಂದ ಹಣದಲ್ಲಿ ಸ್ವಲ್ಪವನ್ನು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವನು ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಹಡಗಿನ ಚಕ್ರವು ಎಷ್ಟು ಸುತ್ತು ತಿರುಗಿತೆಂದು ಲೆಕ್ಕವಿಡುವ ಯಂತ್ರವನ್ನು ಕಂಡು, ಹಣಕ್ಕೂ ಇಂಥದನ್ನು ಯಾಕೆ ಮಾಡಬಾರದೆಂದು ಯೋಚಿಸಿದನೆಂದು ಹೇಳುತ್ತಾರೆ. ತನ್ನ ಸಹೋದರನಾದ ಜಾನನೊಂದಿಗೆ ಯಂತ್ರವನ್ನು ಕಟ್ಟಿ 1879ರಲ್ಲಿ ಹಕ್ಕುಪತ್ರವನ್ನು ಪಡೆದನು. ಅದಕ್ಕೆ ಅವನು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವದಾದರೆ, ಲಂಚಕ್ಕೆ ಬಗ್ಗದ ಖಜಾಂಚಿ. ಮುಂದೆ ಇಂಥ ಯಂತ್ರಗಳಿಗೆ, ಹಣದ ಪೆಟ್ಟಿಗೆ ತೆರೆದಾಗಲೆಲ್ಲಾ ಗಂಟೆ ಬಾರಿಸುವ ಏರ್ಪಾಡೂ ಕೂಡಿತು. ಇಂದಿನ ಪೆಟ್ಟಿಗೆಯ ಕೂಗು ಆ ಗಂಟೆಯ ಮೊಮ್ಮಗಳು.

ಆದರೆ ಆ ಖಜಾಂಚಿಯು ಏನನ್ನು ಮಾಡಿತು, ಏನನ್ನು ಮಾಡಲಿಲ್ಲ ಎಂಬದನ್ನು ನೋಡಿರಿ. ಯಂತ್ರವನ್ನು ಮುಟ್ಟದೆ ಕೊಟ್ಟ ಸರಕಿನ ವಿಷಯದಲ್ಲಿ ಅದು ಮೂಕವಾಗಿತ್ತು. ಕೆಲಸಗಾರನ ಕೈಯನ್ನು ಅದು ಕಾಯಿತು. ಯಜಮಾನನು ಅವನಿಗೆ ನ್ಯಾಯವಾದ ಸಂಬಳವನ್ನು ಕೊಟ್ಟನೋ ಇಲ್ಲವೋ ಎಂಬದನ್ನು ಯಾವ ಗಂಟೆಯೂ ಸಾರಲಿಲ್ಲ. ರಿಟ್ಟಿಗೆ ಆ ಯಂತ್ರದಿಂದ ದೊರಕಿದ್ದು ಪ್ರಾಮಾಣಿಕರಾದ ಕೆಲಸಗಾರರಲ್ಲ, ಒಬ್ಬ ಸಾಕ್ಷಿ ಮಾತ್ರ. ಇವೆರಡೂ ಒಂದೇ ಎಂದು ತಿಳಿಯುವದರಲ್ಲಿಯೇ ಮೊದಲನೇ ಮಾತುಗಾರನ ತಪ್ಪು ಇರುತ್ತದೆ. ಕಟ್ಟಿದ ಎತ್ತು ಪೈರನ್ನು ಮೇಯಲಿಲ್ಲವೆಂದು ಅದನ್ನು ಹೊಗಳುವವರುಂಟೇ?

ಹಾಗಂತ ಇಂಥ ಸಾಕ್ಷಿಗಳನ್ನು ನಾವು ಹೀನವೆಣಿಸಬಾರದು. ನಮ್ಮ ಹಿರಿಯರ ಕಾಲದಲ್ಲಿ ಒಂದೂರಿನ ಸೇರು ಮತ್ತೊಂದೂರಿನ ಸೇರಿಗೆ ಸರಿಬರುತ್ತಿರಲಿಲ್ಲ. ಕೊಳ್ಳುವದಕ್ಕೆ ಒಂದು ಸೇರು, ಮಾರುವದಕ್ಕೆ ಇನ್ನೊಂದು ಸೇರು ಇಟ್ಟವರೂ ಇದ್ದರು. 1956ರ ಕಾನೂನಿನಂತೆ 1958ರ ಅಕ್ಟೋಬರ್ 1ರಿಂದ ಕಿಲೋಗ್ರಾಮಿನ ತೂಕವು ಮೆಲ್ಲಮೆಲ್ಲನೆ ದೇಶಕ್ಕೆಲ್ಲಾ ಬಂದು, ಕಲ್ಲುಗಳಿಗೆ ಸರಕಾರದ ಮುದ್ರೆ ಬಿದ್ದದರಿಂದ ಬಡವನಿಗೆ ಎಷ್ಟು ಉಪಕಾರವಾಯಿತೆಂದು ಹೇಳತಕ್ಕದ್ದೇನು? ಬಲಿಷ್ಠನಿಗೆ ಸಾಕ್ಷಿ ಬೇಡ. ಅವನ ದನಿಯೇ ಅವನ ಸಾಕ್ಷಿ. ಓದುಬಾರದ ಹೂವಿನವಳ ಪಕ್ಷದಲ್ಲಿ ನಿಂತು, ಹಣ ಬಂದಿಲ್ಲವೆಂಬದನ್ನು ತನ್ನ ಮೌನದಿಂದಲೇ ತಿಳಿಸುವ ಪೆಟ್ಟಿಗೆಯು ಸಣ್ಣ ಉಪಕಾರ ಮಾಡುವದಿಲ್ಲ. ಕೆಡಕು ಮಾಡುವ ಅವಕಾಶವನ್ನು ಕಡಿಮೆ ಮಾಡುವದು ಕೂಡ ನೆರೆಯವನಿಗೆ ತೋರಿಸುವ ಒಂದು ದಯೆಯೇ ಆಗಿದೆ.

ಇನ್ನು ಎರಡನೆಯವನ ಮಾತನ್ನು ವಿಚಾರಿಸೋಣ. ಅವನು ಹಳೆಯ ಉದ್ರಿ ಪುಸ್ತಕವನ್ನು ನೆನಸಿ ನಿಟ್ಟುಸಿರು ಬಿಡುತ್ತಾನೆ. ರಾಗಿ ಒಕ್ಕಣೆಯಾಗುವ ತನಕ ಈ ಮನೆಯಲ್ಲಿ ಕಾಸಿರುವದಿಲ್ಲವೆಂದು ತಿಳಿದ ಅಂಗಡಿಯವನು ಅಕ್ಕಿ ಎಣ್ಣೆಗಳನ್ನು ಕೊಟ್ಟು ಬರೆದಿಡುತ್ತಿದ್ದನು. ಸುಗ್ಗಿಯಲ್ಲಿ ಇವರು ತಾವಾಗಿಯೇ ಹೋಗಿ ತೀರಿಸುತ್ತಿದ್ದರು. ಇದರಲ್ಲಿ ಒಂದು ಸತ್ಯ ಉಂಟು. ಏನಂದರೆ, ನಂಬಿಕೆಯ ಕೆಲಸವಿರುವದು ರುಜುವಾತು ಇಲ್ಲದ ಕಡೆಯಲ್ಲಿಯೇ. ಎದುರಿಗೆ ಎಣಿಸಿಟ್ಟ ಹಣವನ್ನು ಯಾರೂ ನಂಬಬೇಕಾಗಿಲ್ಲ, ನೋಡಿದರೆ ಸಾಕು. ಪ್ರತಿಯೊಂದಕ್ಕೂ ರುಜುವಾತು ಸಿಕ್ಕುವ ಕಾಲದಲ್ಲಿ ನಂಬುವ ಶಕ್ತಿಯು, ಬಹುದಿನ ಕಟ್ಟುಹಾಕಿಟ್ಟ ತೋಳಿನಂತೆ, ಬಳಕೆಯಿಲ್ಲದೆ ಬತ್ತಿಹೋದೀತೆಂಬ ಭಯವು ಸುಳ್ಳಲ್ಲ. ಪೆಟ್ಟಿಗೆಯ ಕೂಗಿಗೆ ಒಗ್ಗಿದ ಕಿವಿಗೆ ಮನುಷ್ಯನ ಮಾತು ಹಗುರವಾಗಿ ಕೇಳಿಸಲಾರಂಭಿಸುವದು.

ಆದರೂ ಹಳೆಯ ಕಾಲವನ್ನು ಚಿನ್ನದ ಕಾಲವೆಂದು ಹೊಗಳುವದಕ್ಕೆ ನಮ್ಮ ಜನರಲ್ಲಿ ಅನೇಕರಿಗೆ ಮನಸ್ಸು ಬಾರದು. ಆ ಉದ್ರಿ ಪುಸ್ತಕವನ್ನು ಬರೆಯುವವನೂ ಓದುವವನೂ ಒಬ್ಬನೇ ಆಗಿದ್ದನು. ಅಕ್ಷರ ಬಾರದವನ ಹೆಸರಿನ ಮುಂದೆ ಬಿದ್ದ ಅಂಕೆಯು ಬೆಳೆಯುತ್ತಿತ್ತೇ ಹೊರತು ತೀರುತ್ತಿರಲಿಲ್ಲವೆಂಬದಕ್ಕೆ ಎಷ್ಟೋ ಮನೆತನಗಳ ಕಣ್ಣೀರೇ ಸಾಕ್ಷಿ. ಇದಲ್ಲದೆ, ಕೆಲವು ಜಾತಿಗಳಲ್ಲಿ ಹುಟ್ಟಿದವರು ಅಂಗಡಿಯ ಹೊರಗೆ ದೂರ ನಿಂತು, ಕಾಸನ್ನು ನೆಲದ ಮೇಲಿಟ್ಟು, ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುವದನ್ನು ಕಣ್ಣಾರೆ ನೋಡಬೇಕಾಗಿದ್ದ ಊರುಗಳಿದ್ದವು. ಪೆಟ್ಟಿಗೆಯು ಯಾರ ಕುಲವನ್ನೂ ಕೇಳುವದಿಲ್ಲ. ಹತ್ತು ರೂಪಾಯಿ ಯಾರು ಕಳುಹಿಸಿದರೂ ಅದೇ ದನಿಯಲ್ಲಿ ಹತ್ತು ರೂಪಾಯಿ ಅನ್ನುತ್ತದೆ. ಆದಕಾರಣ, ಹಳೆಯ ನಂಬಿಕೆಯು ಹೋಯಿತೆಂದು ಅಳುವವನು, ಆ ನಂಬಿಕೆಯು ಯಾರಿಗೆ ದೊರಕಿತ್ತು, ಯಾರಿಗೆ ದೊರಕಿರಲಿಲ್ಲ ಎಂಬದನ್ನೂ ಕೇಳಿಕೊಳ್ಳತಕ್ಕದ್ದು.

ಇಷ್ಟರಲ್ಲೇ ಮೂರನೆಯ ಸಂಗತಿಯೊಂದು ನಮ್ಮ ನಾಡಿನಲ್ಲಿ ನಡೆಯಿತು. 2025ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು, ಫೋನಿನ ಮೂಲಕ ಬಂದ ಹಣದ ಲೆಕ್ಕವನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಯಾಕಂದರೆ ವರ್ಷಕ್ಕೆ 40 ಲಕ್ಷ ರೂಪಾಯಿಗೆ ಮೇಲ್ಪಟ್ಟು ಸರಕು ಮಾರುವವರೂ 20 ಲಕ್ಷಕ್ಕೆ ಮೇಲ್ಪಟ್ಟು ಸೇವೆ ಮಾರುವವರೂ ಜಿ.ಎಸ್.ಟಿ. ತೆರಿಗೆಗೆ ಹೆಸರು ಬರೆಸಬೇಕೆಂಬ ನಿಯಮವಿತ್ತು. ಕೂಡಲೇ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಆ ಚೌಕದ ಕಾಗದಗಳು ಮಾಯವಾಗಿ, ನಗದು ಮಾತ್ರ ಎಂಬ ಬರಹಗಳು ಕಾಣಿಸಿಕೊಂಡವು. ತರುವಾಯ ಸರಕಾರವು ವ್ಯಾಪಾರಿಗಳೊಂದಿಗೆ ಮಾತಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವದಿಲ್ಲವೆಂದು ತಿಳಿಸಿತು. ಕಾಗದ ಹರಿದವರೆಲ್ಲರೂ ತಪ್ಪಿತಸ್ಥರೆಂದು ನಾವು ಹೇಳುವದಿಲ್ಲ. ಹಾಲು ತರಕಾರಿಗಳಿಗೆ ತೆರಿಗೆಯೇ ಇಲ್ಲ. ಬಂಧುಗಳಿಂದ ಪಡೆದ ಕೈಸಾಲವೂ ಅದೇ ಲೆಕ್ಕಕ್ಕೆ ಬಂದಿರಬಹುದು. ಕಚೇರಿಯ ಕಾಗದವನ್ನು ಕಂಡು ಬಡವನು ಹೆದರುವದು ಸಹಜ. ಆದರೂ ಇದರಿಂದ ನಾವು ಒಂದು ಪಾಠವನ್ನು ಕಲಿಯಬಹುದು. ನಮ್ಮ ಪಕ್ಷವಾಗಿ ಮಾತಾಡುವ ತನಕ ಸಾಕ್ಷಿಯು ನಮಗೆ ಪ್ರಿಯನು. ನಮ್ಮ ವಿಷಯವಾಗಿ ಮಾತಾಡಿದ ದಿವಸ ಅವನನ್ನು ಮನೆಯಿಂದ ಹೊರಗೆ ಹಾಕುತ್ತೇವೆ. ಗಿರಾಕಿಯು ಸುಳ್ಳಾಡಬಾರದೆಂದು ಸಾಕ್ಷಿಯನ್ನು ಕರೆದವನು, ತನ್ನನ್ನೂ ಅದೇ ಸಾಕ್ಷಿಯ ಮುಂದೆ ನಿಲ್ಲಿಸಲು ಒಪ್ಪುವನೋ? ಒಪ್ಪಿದರೆ ಅವನು ಪ್ರೀತಿಸಿದ್ದು ಸತ್ಯವನ್ನು; ಒಪ್ಪದಿದ್ದರೆ ತನ್ನ ಲಾಭವನ್ನು ಮಾತ್ರ.

ಹೀಗಿರಲಾಗಿ, ಆ ಇಬ್ಬರಿಗೂ ನಾವು ಕೊಡುವ ಉತ್ತರವೇನಂದರೆ: ಯಂತ್ರವು ಮೋಸವನ್ನು ತಡೆಯುತ್ತದೆ, ಸತ್ಯವಂತನನ್ನು ಹುಟ್ಟಿಸುವದಿಲ್ಲ. ಹಾಗೆಯೇ ನಂಬಿಕೆಯನ್ನು ಕೊಲ್ಲುವದು ಯಂತ್ರವಲ್ಲ. ಯಂತ್ರವಿದೆಯಲ್ಲಾ ಎಂದು ನಾವೇ ಅದನ್ನು ನೀರೆರೆಯದೆ ಬಿಟ್ಟಾಗ ಅದು ಒಣಗುತ್ತದೆ. ಪೆಟ್ಟಿಗೆಯು ಎಷ್ಟು ಬಂತೆಂದು ಹೇಳಬಲ್ಲದು. ಹಾಲಿಗೆ ನೀರು ಬೆರೆತಿದೆಯೋ, ಬೆಲೆಯು ನ್ಯಾಯವಾದದ್ದೋ, ಹೊರೆ ಇಳಿಸಿದವನಿಗೆ ಕೂಲಿ ಸಂದಿತೋ ಎಂಬದನ್ನು ಅದು ಹೇಳಲಾರದು. ಅದರ ಕೂಗು ನಿಂತ ಸ್ಥಳದಲ್ಲಿಯೇ ನಮ್ಮ ನಡತೆಯ ಪರೀಕ್ಷೆ ಆರಂಭವಾಗುತ್ತದೆ.

ಆ ಪರೀಕ್ಷೆಯು ಪ್ರತಿದಿನವೂ ಬರುತ್ತದೆ. ಗಾಳಿಯ ಸಂಪರ್ಕ ತಪ್ಪಿ, ಕೊಟ್ಟ ಹಣವು ನಡುದಾರಿಯಲ್ಲಿ ನಿಂತಾಗ ಕೊಂಡವನು ನಿಷ್ಠೂರ ಮಾಡದೆ ಸ್ವಲ್ಪ ಕಾಯಲಿ. ಮಾರುವವನು ಹತ್ತು ಜನರ ಮುಂದೆ ಅವನನ್ನು ಕಳ್ಳನಂತೆ ನೋಡದಿರಲಿ. 50ರ ಬದಲು 500 ಬಂದುಬಿಟ್ಟರೆ, ಕೊಟ್ಟವನು ಅರಿತು ಹಿಂತಿರುಗುವ ತನಕ ಕಾಯದೆ ಅದನ್ನು ತಿರುಗಿ ಕಳುಹಿಸಲಿ. ಫೋನಿಲ್ಲದೆ ಮುದುರಿದ ನೋಟು ಹಿಡಿದು ಬಂದ ಮುದುಕನಿಗೆ, ಚಿಲ್ಲರೆಯಿಲ್ಲ ಹೋಗೆಂದು ಹೇಳುವದು ಸುಲಭ. ಆದರೆ ಹಿಂದೆ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳಾದ ನಾವು ಈಗ ಬೇರೊಬ್ಬನನ್ನು ಹೊರಗೆ ನಿಲ್ಲಿಸಬಹುದೋ?

ಎಲ್ಲಕ್ಕೂ ದೊಡ್ಡ ಪರೀಕ್ಷೆ ಇನ್ನೊಂದಿದೆ. ಓದುಬಾರದ ತಾಯಿಯು ತನ್ನ ಫೋನನ್ನು ನೆರೆಮನೆಯ ಹುಡುಗನ ಕೈಗೆ ಕೊಟ್ಟು, ತನ್ನ ಗುಪ್ತಸಂಖ್ಯೆಯನ್ನು ಬಾಯಿಬಿಟ್ಟು ಹೇಳುತ್ತಾಳೆ. ಆ ಹುಡುಗನ ಮೇಲೆ ಯಾವ ಪೆಟ್ಟಿಗೆಯೂ ಕಾವಲಿಲ್ಲ. ಅವನು ಅವಳ ಕೆಲಸವನ್ನು ಮುಗಿಸಿ, ಸಂಖ್ಯೆಯನ್ನು ಮರೆತು, ಇನ್ನು ಮೇಲೆ ಯಾರಿಗೂ ಹೇಳಬೇಡವೆಂದು ಅವಳಿಗೆ ಕಲಿಸಿದರೆ ಅವನೇ ಸತ್ಯವಂತನು. ಹಣವನ್ನು ಕೊಡುವದಕ್ಕೆ ಮಾತ್ರ ಆ ಸಂಖ್ಯೆ ಬೇಕು, ತಕ್ಕೊಳ್ಳುವದಕ್ಕೆ ಎಂದಿಗೂ ಬೇಡ ಎಂಬದನ್ನೂ, ಮೋಸಹೋದವರು ತಡಮಾಡದೆ 1930 ಎಂಬ ಸರಕಾರದ ಸಂಖ್ಯೆಗೆ ಫೋನು ಮಾಡಬೇಕೆಂಬದನ್ನೂ ತಿಳಿದವರು ತಿಳಿಯದವರಿಗೆ ಹೇಳಿಕೊಡಲಿ.

ಪ್ರಿಯರೇ, ಹೊಸ ಯಂತ್ರಗಳು ಇನ್ನೂ ಬರುವವು. ಅವುಗಳ ಸಾಕ್ಷಿಯು ಇಂದಿಗಿಂತ ಸೂಕ್ಷ್ಮವಾಗುವದು. ಅವನ್ನು ಕೃತಜ್ಞತೆಯಿಂದ ಉಪಯೋಗಿಸೋಣ. ಆದರೆ ನೆರೆಯವನಿಗೆ ನಮ್ಮ ಮೇಲೆ ನಂಬಿಕೆ ಉಂಟಾಗಬೇಕಾದರೆ, ಯಾವ ಕೂಗೂ ಕೇಳಿಸದ ಹೊತ್ತಿನಲ್ಲಿ ನಾವು ಹೇಗೆ ನಡೆದುಕೊಂಡೆವೆಂಬದೇ ಅದಕ್ಕೆ ಆಧಾರವಾಗಿರುವದು.